ಟೊಮೆಟೊ ಗಾಡಿಯಲ್ಲಿ ಹಾಸಿಗೆ

ಗಾಡಿಯ ಬಾಡಿಯಲ್ಲಿ ಮಲಗುವುದು ನನಗೆ ಹೊಸದೇನಲ್ಲ. ನಮ್ಮದು ಶ್ರೀನಿವಾಸಪುರದ ಕಡೆ. ಮೇ, ಜೂನ್ ಬಂತು ಅಂದರೆ ಮಾವಿನ ತೋಪು ಕಾಯಬೇಕು. ಗುಡಿಸಲಲ್ಲಿ ಇರುವೆ ಕಾಟ. ಅದಕ್ಕೇ ಪಿಕಪ್ಪನ್ನೇ ತೋಪಿನ ನಡುವೆ ನಿಲ್ಲಿಸಿ, ಹಿಂದೆ ಹುಲ್ಲು ಹರಡಿ, ಮೇಲೆ ಜಮಖಾನ ಹಾಸಿಕೊಂಡು ಎಷ್ಟೋ ರಾತ್ರಿ ಕಳೆದಿದ್ದೇನೆ. ಉಳಿದ ದಿನಗಳಲ್ಲಿ ಅದೇ ಗಾಡಿ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುತ್ತದೆ. ಎಂಟಡಿ ಬಾಡಿಯ ಬೊಲೆರೊ ಪಿಕಪ್ಪು. ಮುಂದೆ ನಾನು, ನನ್ನ ಹೆಂಡತಿ. ಹಿಂದೆ ಕ್ರೇಟು.

ಮಗಳು ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರು, ಜೊತೆಗೆ ಅಮ್ಮ. ಮಾವಿನ ಕೆಲಸ ಮುಗಿದ ಮೇಲೆ ನಾಲ್ಕು ದಿನ ಎಲ್ಲಾದರೂ ಹೋಗಿ ಬರೋಣ ಅಂತ ಹೆಂಡತಿಯೇ ಶುರು ಮಾಡಿದ್ದು. ಲಾಡ್ಜಿನ ಬಾಡಿಗೆ ಕೇಳಿ ಸುಮ್ಮನಾಗಿದ್ದೆ. "ಏನ್ರೀ, ತೋಪಲ್ಲಿ ಗಾಡಿ ಮೇಲೇ ಮಲಗ್ತೀರಲ್ಲ, ಹಂಪಿಯಲ್ಲಿ ಮಲಗೋಕಾಗಲ್ವಾ?" ಅಂದಳು. ಅಮ್ಮ ಮಾತ್ರ "ಮನೇಲಿ ಮಂಚ ಇಲ್ವೇನೋ ನಿಮಗೆ?" ಅಂತ ಕೇಳಿದಳು. ಈಗಲೂ ಪ್ರತಿ ಸಲ ಹೊರಡುವಾಗ ಅದೇ ಪ್ರಶ್ನೆ.

ಮೊದಲ ಸಲ ಹಂಪಿಗೆ ಹೋದದ್ದು ಡಿಸೆಂಬರಿನಲ್ಲಿ. ತಯಾರಿ ಅಂತ ಏನೂ ಇರಲಿಲ್ಲ. ಬಾಡಿ ತೊಳೆದೆ, ಸಾಮಾನೆಲ್ಲ ತುಂಬಿದೆ, ಮೇಲೆ ಟಾರ್ಪಾಲು ಎಳೆದೆ, ಅಷ್ಟೆ. ಆನೆಗೊಂದಿ ಕಡೆ ಒಬ್ಬರ ಜಾಗದಲ್ಲಿ ಕೇಳಿಕೊಂಡು ಗಾಡಿ ನಿಲ್ಲಿಸಿದೆವು. ಮಲಗುವ ಹೊತ್ತಿಗೆ ಗೊತ್ತಾಯಿತು, ಹಾಸಿಗೆ ಹಾಸಲು ಜಾಗವೇ ಇಲ್ಲ. ಸ್ಟೌ, ಚೀಲ, ಪಾತ್ರೆ, ನೀರಿನ ಕ್ಯಾನು ಎಲ್ಲವನ್ನೂ ಕೆಳಗಿಳಿಸಿ ಹಾಸಿದೆವು. ಬಟ್ಟೆಯ ಚೀಲಗಳನ್ನು ಮಾತ್ರ ಮೇಲೇ ಬಿಟ್ಟು, ಹಾಸಿಗೆಯ ಕೆಳಗೆ ಒತ್ತರಿಸಿಟ್ಟೆವು. ರಾತ್ರಿ ಎರಡು ಗಂಟೆಗೆ ಹೆಂಡತಿ ಎಬ್ಬಿಸಿದಳು. ಆಚೆ ಹೋಗಬೇಕು, ಟಾರ್ಚ್ ಎಲ್ಲಿ ಅಂತ. ಟಾರ್ಚ್ ಯಾವುದೋ ಚೀಲದಲ್ಲಿತ್ತು. ಆ ಚೀಲ ನನ್ನ ಬೆನ್ನ ಕೆಳಗಿನ ಹಾಸಿಗೆಯ ಕೆಳಗೆ. ಇಬ್ಬರೂ ಎದ್ದು, ಹಾಸಿಗೆ ಸುತ್ತಿ, ಕತ್ತಲಲ್ಲಿ ತಡಕಾಡಿ ಅದನ್ನು ತೆಗೆಯುವಷ್ಟರಲ್ಲಿ ನಿದ್ದೆ ಹಾರಿಹೋಗಿತ್ತು. ಬೆಳಗ್ಗೆ ಕೆಳಗಿಟ್ಟಿದ್ದ ರಾಗಿಹಿಟ್ಟಿನ ಡಬ್ಬಿಯನ್ನು ಮಂಗಗಳು ಎತ್ತಿಕೊಂಡು ಹೋಗಿದ್ದವು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಬಾಡಿಯಲ್ಲಿ ಮಲಗುವುದು ಕಷ್ಟವಲ್ಲ, ಎಂಟಡಿ ಉದ್ದ ಐದೂವರೆ ಅಡಿ ಅಗಲ ಇಬ್ಬರಿಗೆ ಧಾರಾಳ. ಕಷ್ಟ ಇರುವುದು ಹಾಸಿಗೆ ಎತ್ತದೆ ಸಾಮಾನು ತೆಗೆಯುವುದರಲ್ಲಿ. ಇನ್ನೊಂದು ತೊಡಕೂ ಇತ್ತು. ನಾನು ಏನೇ ಮಾಡಿದರೂ ಸೋಮವಾರ ಬೆಳಗಿನ ಜಾವಕ್ಕೆ ಅದನ್ನು ಬಿಚ್ಚಿಟ್ಟು ಟೊಮೆಟೊ ಏರಿಸುವಂತಿರಬೇಕು. ಗಾಡಿ ದುಡಿಯುವುದು ಮೊದಲು, ತಿರುಗಾಟ ಆಮೇಲೆ. ಜೊತೆಗೆ ಆರ್‌ಸಿಯಲ್ಲಿ ಇರುವ ಗಾಡಿಯ ರೂಪ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಹೇಳುತ್ತದೆ. ಅದಕ್ಕೇ ಗಾಡಿಗೆ ಒಂದು ತೂತು ಕೊರೆಯಬಾರದು, ಒಂದು ವೆಲ್ಡಿಂಗ್ ಕೂಡ ಹಾಕಬಾರದು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ.

ಅಟ್ಟಣಿಗೆ ಮಾಡಿ ಕೆಳಗೆ ಸಾಮಾನು, ಮೇಲೆ ಹಾಸಿಗೆ ಅನ್ನುವುದು ಯಾರಿಗಾದರೂ ಹೊಳೆಯುವ ವಿಷಯವೇ. ಅಟ್ಟಣಿಗೆ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೆ ಮಾತ್ರ ಉತ್ತರ ಸಿಕ್ಕಿದ್ದು ನಮ್ಮ ಕೊಟ್ಟಿಗೆಯಲ್ಲಿ. ಅಲ್ಲಿ ಟೊಮೆಟೊ ಕ್ರೇಟುಗಳ ರಾಶಿ ಇತ್ತು. ಟೇಪು ಹಿಡಿದೆ. ಉದ್ದ 54 ಸೆಂಟಿಮೀಟರ್, ಅಗಲ 36, ಎತ್ತರ 29. ಅಂದರೆ ಹನ್ನೊಂದೂವರೆ ಇಂಚು ಎತ್ತರ. ಒಂದು ಒಡೆದರೆ ಅದೇ ಅಳತೆಯ ಇನ್ನೊಂದು ಯಾವ ಊರಿನ ಸಂತೆಯಲ್ಲಾದರೂ ಸಿಗುತ್ತದೆ. ದುಡ್ಡು ಕೊಟ್ಟು ಚಂದದ ಪೆಟ್ಟಿಗೆ ತಂದಿದ್ದರೆ ಅದರ ಅಳತೆಗೆ ನಾನು ಕುಣಿಯಬೇಕಿತ್ತು. ಇಲ್ಲಿ ಅಟ್ಟಣಿಗೆಯೇ ಕ್ರೇಟಿನ ಅಳತೆಗೆ ಬಂತು. ಒಳಗಿನ ತೆರಪು 12 ಇಂಚು, ಮೇಲೆ ಪೈಪು, ಪ್ಲೈವುಡ್ ಸೇರಿ ಹದಿಮೂರೂವರೆ. ನನ್ನ ಗಾಡಿಯ ಪಕ್ಕದ ಗೋಡೆ ಒಂದೂವರೆ ಅಡಿ. ಹಾಗಾಗಿ ಮೂರಿಂಚಿನ ಹಾಸಿಗೆ ಹಾಕಿದರೂ ಗೋಡೆ ಇನ್ನೂ ಸ್ವಲ್ಪ ಮೇಲಿರುತ್ತದೆ. ಮಂಚಕ್ಕೆ ಅಂಚು ಇದ್ದಹಾಗೆ, ಮಗ್ಗುಲು ಬದಲಿಸಿದರೆ ಉರುಳಿ ಬೀಳುವುದಿಲ್ಲ.

ಮೊದಲು ಮಾಡಿದ್ದು ದೊಡ್ಡ ತಪ್ಪು. 18 ಎಂಎಂ ಪ್ಲೈವುಡ್ ತಂದು ಎರಡೇ ತುಂಡು ಮಾಡಿಸಿದೆ. ಗಟ್ಟಿ ಇರಲಿ ಅಂತ. 8 ಅಡಿ 4 ಅಡಿಯ ಒಂದು ಹಾಳೆಯೇ 30 ಕೆ.ಜಿ. ದಾಟುತ್ತದೆ. ಅದಕ್ಕೆ ಮರದ ರೀಪು ಹೊಡೆದ ಮೇಲೆ ಎತ್ತುವುದಕ್ಕೆ ಮೂರು ಜನ ಬೇಕಾಯಿತು. ಸೋಮವಾರ ಬೆಳಗ್ಗೆ ನಾಲ್ಕು ಗಂಟೆಗೆ ಮೂರನೆಯವನನ್ನು ಎಲ್ಲಿಂದ ತರಲಿ? ಆ ಹಲಗೆಗಳು ಈಗ ಹಸುವಿನ ಕೊಟ್ಟಿಗೆಯಲ್ಲಿ ಹಿಂಡಿಯ ಮೂಟೆಗಳ ಕೆಳಗಿವೆ.

ಎರಡನೇ ಸಲ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನಿಗೆ ತೆಲುಗು, ನನಗೆ ಕನ್ನಡ, ಮಧ್ಯೆ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಗೆರೆ. ಒಂದಿಂಚಿನ ಸ್ಕ್ವೇರ್ ಪೈಪಿನಲ್ಲಿ ಮೂರು ಚೌಕಟ್ಟು ಮಾಡಿಕೊಟ್ಟ. ಒಂದೊಂದೂ 28 ಇಂಚು ಉದ್ದ, ಬಾಡಿಯ ಅಗಲದಷ್ಟು ಅಗಲ. ಪ್ರತಿ ಚೌಕಟ್ಟಿಗೂ ಅಡ್ಡಕ್ಕೆ ಐದು ಸಾಲು ಕಾಲು. ಆ ಐದು ಸಾಲುಗಳ ನಡುವೆ ನಾಲ್ಕು ಓಣಿ, ಒಂದೊಂದು ಓಣಿಯಲ್ಲಿ ಒಂದೊಂದು ಕ್ರೇಟು ಸಲೀಸಾಗಿ ಜಾರುತ್ತದೆ. ಕಾಲುಗಳು ಹೀಗೆ ಹತ್ತಿರ ಹತ್ತಿರ ಇರುವುದರಿಂದ ಮೇಲೆ 12 ಎಂಎಂ ಪ್ಲೈವುಡ್ ಸಾಕಾಯಿತು, ಬಗ್ಗುವುದಿಲ್ಲ. ಒಂದು ತುಂಡು ಸುಮಾರು 20 ಕೆ.ಜಿ. ನಾನೊಂದು ಕಡೆ, ಹೆಂಡತಿ ಒಂದು ಕಡೆ ಹಿಡಿದರೆ ಮುಗಿಯಿತು. ಮೂರು ತುಂಡನ್ನೂ ಒಂದಕ್ಕೊಂದು ಚಿಲಕ ಹಾಕಿ ಸೇರಿಸಿದ್ದೇನೆ. ಗಾಡಿಯ ಕೊಂಡಿಗಳಿಗೆ ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿದಿದ್ದೇನೆ. ಲಾರಿ ಟ್ಯೂಬನ್ನು ಎರಡಿಂಚು ಅಗಲಕ್ಕೆ ಕತ್ತರಿಸಿದ ಪಟ್ಟಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಕಟ್ಟು ನಾನು ಕಂಡಿಲ್ಲ. ಹಗ್ಗ ಕುಲುಕಾಟಕ್ಕೆ ಸಡಿಲವಾಗುತ್ತದೆ, ಟ್ಯೂಬು ಜೊತೆಗೇ ಹಿಗ್ಗಿ ಕುಗ್ಗುತ್ತದೆ.

ನೆಲಕ್ಕೆ ಫ್ಲೆಕ್ಸ್ ಹಾಸಿದ್ದೇನೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ನಗುವ ಮುಖ ಕೆಳಗೆ ಮಾಡಿ ಹಾಸಿದೆ. ಬಾಡಿಯ ತಗಡಿನ ಮೇಲೆ ಕ್ರೇಟು ಎಳೆದರೆ ಬರುವ ಕರ್ಕಶ ಸದ್ದು ರಾತ್ರಿ ಹೊತ್ತು ಊರನ್ನೇ ಎಬ್ಬಿಸುತ್ತದೆ. ಫ್ಲೆಕ್ಸಿನ ಮೇಲೆ ಬೆರಳಲ್ಲಿ ಎಳೆದರೆ ಬರುತ್ತದೆ.

ಈಗ ಒಳಗಿನ ಸಾಮಾನು ತೆಗೆಯುವ ಮಾತು. ನನ್ನ ಗಾಡಿಯಲ್ಲಿ ತೆರೆಯುವುದು ಹಿಂದಿನ ಡೋರ್ ಒಂದೇ. ಒಂದು ಓಣಿಯಲ್ಲಿ ಉದ್ದಕ್ಕೆ ನಾಲ್ಕು ಕ್ರೇಟು ಹಿಡಿಸುತ್ತವೆ. ಡೋರಿನ ಹತ್ತಿರದ್ದು ಸುಲಭವಾಗಿ ಸಿಗುತ್ತದೆ. ನಾಲ್ಕನೆಯದನ್ನು ತೆಗೆಯುವುದು ಹೇಗೆ? ಒಳಗೆ ತೆವಳಿ ಹೋಗಲು ಅಲ್ಲಿ ಬೆಕ್ಕಿಗೂ ಜಾಗವಿಲ್ಲ. ಇದಕ್ಕೆ ಉಪಾಯ ಹೇಳಿದವಳು ಹೆಂಡತಿ. ರೈಲು ಡಬ್ಬಿ ಹಾಗೆ ಒಂದಕ್ಕೊಂದು ಕಟ್ಟಿಬಿಡಿ ಅಂದಳು. ಕ್ರೇಟಿನ ಕಿಂಡಿಗಳಲ್ಲಿ ಗೇಣುದ್ದದ ನೈಲಾನ್ ಹಗ್ಗ ತೂರಿಸಿ, ತುದಿಗೆ ಬಗ್ಗಿಸಿದ ಕಬ್ಬಿಣದ ಕೊಕ್ಕೆ ಹಾಕಿದೆ. ಮೊದಲನೆಯದನ್ನು ಎಳೆದರೆ ಎರಡನೆಯದು ಹಿಂದೆಯೇ ಬರುತ್ತದೆ. ಮೊದಲನೆಯದರ ಕೊಕ್ಕೆ ಬಿಡಿಸಿ ಕೆಳಗಿಡು, ಎರಡನೆಯದನ್ನು ಎಳಿ. ವಾಪಸ್ ಹಾಕುವಾಗ ಒಂದರ ಹಿಂದೆ ಒಂದು ತಳ್ಳಿದರೆ ಆಯಿತು.

ಮೂರು ಓಣಿಗೆ ಹನ್ನೆರಡು ಕ್ರೇಟು. ನಾಲ್ಕನೇ ಓಣಿಯಲ್ಲಿ ಕ್ರೇಟು ಇಲ್ಲ, ಉದ್ದನೆಯ ವಸ್ತುಗಳಿಗೆ ಬಿಟ್ಟಿದ್ದೇನೆ. ಮಡಚುವ ಕುರ್ಚಿ, ಚಾಪೆ, ಸನಿಕೆ, ಛತ್ರಿ. ಶುರುವಿನಲ್ಲಿ ಈ ಓಣಿ ಬಿಟ್ಟಿರಲಿಲ್ಲ. ಕುರ್ಚಿಗಳನ್ನು ಹಾಸಿಗೆಯ ಮೇಲೆ ಹಾಕಿಕೊಂಡು ಹೋಗಿ, ಒಂದರ ಕಾಲು ಹಾಸಿಗೆಯನ್ನು ಹರಿಯಿತು.

ಯಾವುದು ಎಲ್ಲಿ ಅನ್ನುವುದನ್ನು ನಾವು ಅಡುಗೆ, ಬಟ್ಟೆ, ಉಪಕರಣ ಅಂತ ವಿಂಗಡಿಸಿಲ್ಲ. ಮೊದಲು ಹಾಗೆ ಮಾಡಿ ಕೆಟ್ಟೆವು. ಅಡುಗೆ ಕ್ರೇಟಿನಲ್ಲೇ ಕಾಫಿ ಪುಡಿಯೂ ಇತ್ತು, ಮೂರು ದಿನಕ್ಕೊಮ್ಮೆ ಬೇಕಾಗುವ ಎಣ್ಣೆ ಕ್ಯಾನೂ ಇತ್ತು. ಈಗ ಗಡಿಯಾರ ನೋಡಿ ವಿಂಗಡಿಸುತ್ತೇವೆ. ಡೋರಿನ ಹತ್ತಿರದ ಮೂರು ಕ್ರೇಟುಗಳಲ್ಲಿ ರಾತ್ರಿಗೆ, ಬೆಳಗ್ಗೆ ಎದ್ದ ಕೂಡಲೇ ಬೇಕಾದದ್ದು ಮಾತ್ರ. ಟಾರ್ಚ್, ಚೊಂಬು, ಕುಡಿಯುವ ನೀರು, ಮಾತ್ರೆ, ರೇನ್‌ಕೋಟು ಒಂದರಲ್ಲಿ. ಕಾಫಿ, ಸಕ್ಕರೆ, ಸಣ್ಣ ಪಾತ್ರೆ, ಲೈಟರ್ ಇನ್ನೊಂದರಲ್ಲಿ. ಮೂರನೆಯದರಲ್ಲಿ ಟವಲು, ಬ್ರಷ್ಷು, ಒಂದೊಂದು ಜೊತೆ ಬಟ್ಟೆ. ಎರಡನೇ ಸಾಲಿನಲ್ಲಿ ಮಧ್ಯಾಹ್ನ, ರಾತ್ರಿಯ ಅಡುಗೆ. ಮೂರನೇ ಸಾಲಿನಲ್ಲಿ ಮಿಕ್ಕ ಬಟ್ಟೆ, ದಿನಸಿ. ಕೊನೆಯದರಲ್ಲಿ ಬೇಕಾಗದೆ ಇರಲಪ್ಪಾ ಅಂತ ಬೇಡಿಕೊಳ್ಳುವಂಥವು, ಅಂದರೆ ಪಂಕ್ಚರ್ ಸಾಮಾನು, ಬೆಲ್ಟು, ಎಳೆಯುವ ಹಗ್ಗ.

ಕ್ರೇಟಿನ ಒಂದು ದೋಷ ಹೇಳಲೇಬೇಕು. ಅದರ ತುಂಬ ಕಿಂಡಿ. ಮಣ್ಣಿನ ರಸ್ತೆಯಲ್ಲಿ ಹೋದರೆ ಹಿಂದಿನ ಡೋರಿನ ಸಂದಿಯಿಂದ ಧೂಳು ಒಳಗೆ ನುಗ್ಗುತ್ತದೆ. ಗಾಡಿ ಮುಂದೆ ಓಡುವಾಗ ಹಿಂದೆ ಗಾಳಿ ಸುಳಿ ಸುತ್ತಿ ಧೂಳನ್ನು ತನ್ನತ್ತಲೇ ಎಳೆದುಕೊಳ್ಳುತ್ತದೆ. ಮೊದಲ ಸಲ ಕಾಫಿ ಲೋಟದಿಂದ ಹಿಡಿದು ದಿಂಬಿನ ತನಕ ಕೆಂಪು. ಈಗ ಪ್ರತಿ ಕ್ರೇಟಿನ ಒಳಗೂ 25 ಕೆ.ಜಿ.ಯ ಖಾಲಿ ಅಕ್ಕಿ ಚೀಲ ಇಳಿಬಿಟ್ಟು, ಬಾಯಿಯನ್ನು ಮೇಲೆ ಮಡಚುತ್ತೇನೆ. ಇದಕ್ಕೆ ಗೊಬ್ಬರದ ಚೀಲ ಬೇಡ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಕ್ರೇಟುಗಳನ್ನೂ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಎರಡು ದಿನ ಬಿಸಿಲಿಗೆ ಇಡಬೇಕು. ಟೊಮೆಟೊ ರಸ ಒಣಗಿ ಅಂಟಿದ್ದರೆ ಇರುವೆ ಹುಡುಕಿಕೊಂಡು ಬರುತ್ತದೆ, ಔಷಧಿ ಹೊಡೆದ ಹಣ್ಣಿನ ಅಂಶವೂ ಇರುತ್ತದೆ. ತಿನ್ನುವ ಪದಾರ್ಥ ಇಡುವ ಕ್ರೇಟುಗಳಿಗೆ ನೀಲಿ ಬಣ್ಣ ಬಳಿದು ಬೇರೆ ಇಟ್ಟಿದ್ದೇನೆ. ಬೇರೆ ಇಟ್ಟಿದ್ದೇನೆ ಅಂತ ಹೇಳುತ್ತೇನೆ, ಆ ಕಥೆ ಆಮೇಲೆ.

ಮೂರು ತುಂಡೂ ಸೇರಿ ಅಟ್ಟಣಿಗೆ ಏಳಡಿ. ಬಾಡಿ ಎಂಟಡಿ. ಕ್ಯಾಬಿನ್ ಪಕ್ಕ ಉಳಿಯುವ ಒಂದಡಿಯನ್ನು ಬೇಕಂತಲೇ ಹಾಗೇ ಬಿಟ್ಟೆ. ನಾವು ಅದನ್ನು ಗುಂಡಿ ಅನ್ನುತ್ತೇವೆ. 20 ಲೀಟರಿನ ನೀರಿನ ಕ್ಯಾನು ಎರಡು, ಜಾಕಿ, ಟೂಲ್ಸ್, 5 ಕೆ.ಜಿ. ಗ್ಯಾಸ್ ಸಿಲಿಂಡರ್ ಅಲ್ಲಿ. ಕ್ಯಾನು ಅಟ್ಟಣಿಗೆಗಿಂತ ಎತ್ತರ, ಕೆಳಗೆ ಹೇಗೂ ತೂರುವುದಿಲ್ಲ. ಅದೂ ಅಲ್ಲದೆ ಭಾರ ಎಲ್ಲ ಮುಂದೆ, ತಗ್ಗಿನಲ್ಲಿ ಇರುವುದು ಒಳ್ಳೆಯದು. ಪಿಕಪ್ಪಿನ ಹಿಂದಿನ ಪಟ್ಟಾ, ಅಂದರೆ ಸ್ಪ್ರಿಂಗು, ಟನ್ನುಗಟ್ಟಲೆ ಹೊರೆ ಹೊರಲು ಮಾಡಿದ್ದು. ಖಾಲಿ ಓಡಿಸಿದರೆ ಯಾವ ಪಿಕಪ್ಪಾದರೂ ಮೇಕೆಮರಿ ಹಾಗೆ ಕುಣಿಯುತ್ತದೆ. ನಮ್ಮ ಸಾಮಾನೆಲ್ಲ ಸೇರಿದರೂ 200 ಕೆ.ಜಿ. ದಾಟುವುದಿಲ್ಲ, ಗಾಡಿಗೆ ಅದು ಲೆಕ್ಕಕ್ಕೇ ಇಲ್ಲ. ಡೋರಿನ ಹತ್ತಿರ ಇಟ್ಟ ವಸ್ತುವಿಗೆ ಕುಣಿತ ಜಾಸ್ತಿ. ಮೊಟ್ಟೆಯ ಟ್ರೇ ಅಲ್ಲಿಟ್ಟು ಪಾಠ ಕಲಿತೆ, ಈಗ ಮೊಟ್ಟೆ ಕ್ಯಾಬಿನ್‌ನಲ್ಲಿ ಹೆಂಡತಿಯ ಕಾಲ ಹತ್ತಿರ. ಹೊರಡುವ ಮುಂಚೆ ಟೊಮೆಟೊ ಹೊರೆಗೆ ಅಂತ ತುಂಬಿಸಿದ ಗಾಳಿಯನ್ನೂ ಹಿಂದಿನ ಟೈರಿನಲ್ಲಿ ಕಡಿಮೆ ಮಾಡಿಸಬೇಕು. ಖಾಲಿ ಗಾಡಿಗೆ ಎಷ್ಟು ಅಂತ ಕಂಪನಿಯ ಪುಸ್ತಕದಲ್ಲಿ ಇರುತ್ತದೆ.

ಸಿಲಿಂಡರ್ ಓಡುವಾಗ ಮಾತ್ರ ಗುಂಡಿಯಲ್ಲಿ, ನೆಟ್ಟಗೆ ನಿಲ್ಲಿಸಿ, ಟ್ಯೂಬಿನಲ್ಲಿ ಬಿಗಿದು. ಗಾಡಿ ನಿಂತ ಕೂಡಲೇ ಅದು ಕೆಳಗಿಳಿಯುತ್ತದೆ, ರಾತ್ರಿ ಆಚೆಯೇ ಇರುತ್ತದೆ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ತೊಟ್ಟಿಯಲ್ಲಿ ನೀರು ನಿಂತಹಾಗೆ ಬಾಡಿಯಲ್ಲೇ ನಿಲ್ಲುತ್ತದೆ. ನಾವು ಮಲಗುವುದು ಅದೇ ತೊಟ್ಟಿಯಲ್ಲಿ. ಚಳಿ ಅಂತ ಟಾರ್ಪಾಲಿನ ಒಳಗೆ ಕೆಂಡ ಇಟ್ಟುಕೊಳ್ಳುವುದು, ಇಂಜಿನ್ ಆನ್ ಮಾಡಿ ಮಲಗುವುದು ಎರಡೂ ಬೇಡ. ಅವುಗಳಿಂದ ಬರುವ ವಿಷಗಾಳಿ ಕಾಣುವುದಿಲ್ಲ, ವಾಸನೆಯೂ ಬರುವುದಿಲ್ಲ, ಎಬ್ಬಿಸುವುದೂ ಇಲ್ಲ. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ.

ತಲೆ ಯಾವ ಕಡೆ ಇರಬೇಕು? ಇದರ ಬಗ್ಗೆ ಮನೆಯಲ್ಲಿ ವಾದವೇ ಆಯಿತು. ಉತ್ತರಕ್ಕೆ ತಲೆ ಹಾಕಬಾರದು ಅಂತ ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು, ಅದಕ್ಕೆ ಗಾಡಿಯನ್ನೇ ತಿರುಗಿಸಿ ನಿಲ್ಲಿಸಿದ್ದೂ ಇದೆ. ನಾನು ಮೊದಮೊದಲು ಕ್ಯಾಬಿನ್ ಕಡೆ ತಲೆ ಹಾಕುತ್ತಿದ್ದೆ. ಬೆಳಗ್ಗೆ ಎದ್ದರೆ ತಲೆ ಭಾರ. ಗಾಳಿ ಆಡುವುದು ಡೋರಿನ ಕಡೆ. ರಾತ್ರಿ ಎದ್ದು ಹೋಗುವುದಾದರೂ ತಿರುಗಿ ತೆವಳಬೇಕು. ಆಮೇಲೆ ಹೊಳೆಯಿತು, ಖಾಲಿ ಪಿಕಪ್ಪು ಯಾವಾಗಲೂ ಹಿಂದೆ ಸ್ವಲ್ಪ ಎತ್ತರ ನಿಲ್ಲುತ್ತದೆ. ಹೊರೆ ಬಿದ್ದಾಗ ಸಮವಾಗಲಿ ಅಂತ ಪಟ್ಟಾ ಹಾಗಿರುತ್ತದೆ. ಅಂದರೆ ಕ್ಯಾಬಿನ್ ಕಡೆ ತಲೆ ಹಾಕಿದರೆ ಸಮ ನೆಲದಲ್ಲೂ ತಲೆ ತಗ್ಗು, ಕಾಲು ಎತ್ತರ! ಅಂದಿನಿಂದ ಡೋರಿನ ಕಡೆ ತಲೆ. ಒಂದು ಲೋಟ ನೀರನ್ನು ಅಟ್ಟಣಿಗೆಯ ಮೇಲಿಟ್ಟು ನೋಡಿದರೆ ಎಡಬಲದ ಓರೆಯೂ ಗೊತ್ತಾಗುತ್ತದೆ. ಒಂದು ಚಕ್ರದ ಕೆಳಗೆ ಚಪ್ಪಟೆ ಕಲ್ಲು ಕೊಟ್ಟರೆ ಸರಿಹೋಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಕಲ್ಲು ಕೊಡದೆ ನಾನು ಮೇಲೆ ಹತ್ತುವುದಿಲ್ಲ.

ಮೇಲ್ಛಾವಣಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಮುಕ್ಕಾಲಿಂಚಿನ ಜಿಐ ಪೈಪನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮೂರು ಕಮಾನು ಮಾಡಿಸಿದೆ. ಅವು ಪಕ್ಕದ ಗೋಡೆಯ ಅಂಚಿಗೆ ಕ್ಲಾಂಪಿನಲ್ಲಿ ಕೂರುತ್ತವೆ. ಎತ್ತರ ಬಾಡಿಯ ನೆಲದಿಂದ ನಾಲ್ಕೂಮುಕ್ಕಾಲು ಅಡಿ. ಹಾಸಿಗೆ ಮೇಲೆ ಕೂತರೆ ತಲೆ ತಗುಲಬಾರದು, ಅಷ್ಟೇ ಲೆಕ್ಕ. ಮೇಲೆ ನೀಲಿ ಟಾರ್ಪಾಲು. ಓಡುವಾಗ ಕಮಾನು ಬಿಚ್ಚಿ, ಟಾರ್ಪಾಲನ್ನು ಚಪ್ಪಟೆಯಾಗಿ ಬಿಗಿಯುತ್ತೇನೆ. ಒಮ್ಮೆ ಸೋಮಾರಿತನದಿಂದ ಹಾಗೇ ಹೈವೇಗೆ ಹತ್ತಿಸಿದ್ದಕ್ಕೆ ಹತ್ತೇ ಕಿಲೋಮೀಟರಿನಲ್ಲಿ ಟಾರ್ಪಾಲಿನ ಹಗ್ಗ ಕಟ್ಟುವ ಕಣ್ಣುಗಳೆಲ್ಲ ಕಿತ್ತುಬಂದವು.

ಇದನ್ನೆಲ್ಲ ತೋಪಿನಲ್ಲಿ ಪರೀಕ್ಷೆ ಮಾಡಿ, ಪಾಸಾಯಿತು ಅಂದುಕೊಂಡೆ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಬೀಳುವುದು 7,000ಕ್ಕೂ ಜಾಸ್ತಿ. ಹತ್ತು ಪಟ್ಟು ಅಂತ ಬಾಯಲ್ಲಿ ಹೇಳುವುದು ಬೇರೆ, ಅದರ ಕೆಳಗೆ ಮಲಗುವುದು ಬೇರೆ. ಜುಲೈ ಕೊನೆಯಲ್ಲಿ ತೀರ್ಥಹಳ್ಳಿ ದಾಟಿ ಒಂದು ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಮನೆಯವರು "ಒಳಗೆ ಬನ್ನಿ, ಜಗಲಿ ಇದೆ" ಅಂತ ಎರಡು ಸಲ ಕರೆದರು. ನನ್ನ ಕಮಾನಿನ ಮೇಲೆ ನನಗೆ ಅಷ್ಟು ಹೆಮ್ಮೆ, ಬೇಡ ಅಂದೆ. ರಾತ್ರಿ ಒಂದು ಗಂಟೆ ಹೊತ್ತಿಗೆ ಎರಡು ಕಮಾನುಗಳ ನಡುವೆ ಟಾರ್ಪಾಲು ಹೊಟ್ಟೆ ಬಿಟ್ಟಿತು. ಒಳಗಿನಿಂದ ಕೈಯಲ್ಲಿ ಮುಟ್ಟಿದೆ, ತುಂಬಿದ ಹಂಡೆ ಹಾಗಿತ್ತು. ಮೇಲಕ್ಕೆ ತಳ್ಳಿದರೆ ನೀರು ಹರಿದುಹೋಗುತ್ತದೆ ಅಂತ ಎರಡೂ ಕೈಯಲ್ಲಿ ತಳ್ಳಿದೆ. ಹರಿಯಿತು, ಆದರೆ ಡೋರಿನ ಕಡೆ, ನಮ್ಮ ದಿಂಬಿನ ಮೇಲೆ. ಹೆಂಡತಿ ಒಂದು ಮಾತೂ ಆಡದೆ ದಿಂಬು ಹಿಂಡಿ, ಜಗಲಿಗೆ ಹೋಗಿ ಮಲಗಿದಳು. ಸ್ವಲ್ಪ ಹೊತ್ತಾದ ಮೇಲೆ ನಾನೂ ಹೋದೆ.

ಊರಿಗೆ ಬಂದ ಮೇಲೆ ಮೂರು ಕಮಾನುಗಳ ನೆತ್ತಿಗೂ ಉದ್ದಕ್ಕೆ ಒಂದು ಪೈಪು ಸೇರಿಸಿದೆ, ಮನೆ ಸೂರಿಗೆ ತೊಲೆ ಇರುತ್ತದಲ್ಲ ಹಾಗೆ. ಕಮಾನಿನಿಂದ ಕಮಾನಿಗೆ ಎಡಬಲದಲ್ಲಿ ಎರಡೆರಡು ಹಗ್ಗ ಬಿಗಿದೆ. ಈಗ ಟಾರ್ಪಾಲು ಎಲ್ಲೂ ಜೋಲುವುದಿಲ್ಲ. ಹಿಂದಕ್ಕೆ ಎರಡಡಿ ಜಾಸ್ತಿ ಬಿಟ್ಟು, ಎರಡು ಬಿದಿರ ಕೋಲು ನಿಲ್ಲಿಸಿ ಚಪ್ಪರದ ಹಾಗೆ ಮಾಡಿದೆ. ತಲೆಗೆ ಎರಚಲು ಹೊಡೆಯುವುದಿಲ್ಲ, ಅದರ ಕೆಳಗೆ ನಿಂತು ಕಾಫಿಯೂ ಮಾಡಬಹುದು. ಚಪ್ಪಲಿಯನ್ನು ನೆಲದ ಮೇಲೆ ಬಿಡುವುದನ್ನೂ ಅಂದೇ ನಿಲ್ಲಿಸಿದೆವು. ಬೆಳಗ್ಗೆ ನೋಡಿದರೆ ಎರಡರಲ್ಲೂ ಉಂಬಳ ಕಾದು ಕೂತಿದ್ದವು. ಈಗ ಡೋರಿನ ಕೊಂಡಿಗೆ ಒಂದು ಚೀಲ ನೇತುಹಾಕಿದ್ದೇವೆ, ಚಪ್ಪಲಿ ಅದರೊಳಗೆ.

ಮಳೆ ಬರುವುದು ಹೊರಗಿನಿಂದ ಮಾತ್ರವಲ್ಲ. ಇಬ್ಬರು ರಾತ್ರಿಯಿಡೀ ಬಿಡುವ ಉಸಿರು ತಣ್ಣನೆಯ ಟಾರ್ಪಾಲಿಗೆ ತಗುಲಿ ಹನಿಯಾಗುತ್ತದೆ. ಚಳಿ ಅಂತ ನಾಲ್ಕೂ ಕಡೆ ಮುಚ್ಚಿದಷ್ಟೂ ಬೆಳಗ್ಗೆ ಕಂಬಳಿ ಒದ್ದೆ. ಹಿಂದೆ ಮುಂದೆ ಒಂದೊಂದು ಗೇಣು ತೆರೆದೇ ಇಡಬೇಕು, ಅಲ್ಲಿಗೆ ಸೊಳ್ಳೆ ಪರದೆ. ಹಾಸಿಗೆಯ ಕೆಳಗೂ ಅದೇ ಕಥೆ. ಮೊದಲು ಮನೆಯ ಹತ್ತಿ ಹಾಸಿಗೆ ತಂದಿದ್ದೆ. ಮರವಂತೆಯಲ್ಲಿ, ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಜಾಗದ ಹತ್ತಿರ, ಎರಡು ರಾತ್ರಿ ಕಳೆದದ್ದಕ್ಕೆ ಅದರ ತಳ ಬೂಷ್ಟು ಹಿಡಿಯಿತು. ಈಗ ತೆಂಗಿನ ನಾರಿನ ಹಾಸಿಗೆ, ಮೂರು ತುಂಡು. ಪ್ಲೈವುಡ್ಡಿನಲ್ಲಿ ಗೇಣಿಗೊಂದರಂತೆ ಒಂದಿಂಚಿನ ತೂತು ಕೊರೆದೆ, ಕೆಳಗಿನಿಂದ ಗಾಳಿ ಆಡುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಕಡಲ ಗಾಳಿಗೆ ಪೈಪಿನ ಬೆಸುಗೆಗಳೂ ತುಕ್ಕು ಹಿಡಿದಿದ್ದವು, ಉಜ್ಜಿ ರೆಡ್ ಆಕ್ಸೈಡ್ ಬಳಿದೆ. ಪಕ್ಕದ ತಗಡು ರಾತ್ರಿ ಮೈಗೆ ತಗುಲಿದರೆ ಬೆಚ್ಚಿಬೀಳುವಷ್ಟು ತಣ್ಣಗಿರುತ್ತದೆ. ಅಲ್ಲಿಗೆ ಗೋಣಿಚೀಲ ಮಡಚಿ ಸಿಕ್ಕಿಸಿದ್ದೇವೆ.

ಬೆಳಕಿಗೆ ಗಾಡಿಯ ಬ್ಯಾಟರಿ ಮುಟ್ಟುವುದಿಲ್ಲ. ಔಷಧಿ ಹೊಡೆಯುವ ಸ್ಪ್ರೇಯರಿನ ಬ್ಯಾಟರಿ ಇದೆಯಲ್ಲ, 12 ವೋಲ್ಟು, 8 ಆಂಪಿಯರ್ ಅವರಿನದು, ಅದನ್ನು ಬಿಚ್ಚಿ ತರುತ್ತೇನೆ. ಲೆಕ್ಕಕ್ಕೆ 96 ವ್ಯಾಟ್ ಅವರ್. ಅರ್ಧಕ್ಕಿಂತ ಜಾಸ್ತಿ ಹೀರಿದರೆ ಅದರ ಆಯಸ್ಸು ಹೋಗುತ್ತದೆ. 5 ವ್ಯಾಟಿನ ಎಲ್‌ಇಡಿ ಪಟ್ಟಿ ದಿನಕ್ಕೆ ಮೂರು ಗಂಟೆ ಉರಿಸಿದರೆ ಮೂರು ರಾತ್ರಿಗೆ ಸಾಕು. ಬ್ಯಾಟರಿ ಮಾತ್ರ ತನ್ನಿ, ಸ್ಪ್ರೇಯರ್ ಮನೆಯಲ್ಲೇ ಇರಲಿ.

ಅಡುಗೆಗೆ ಹಿಂದಿನ ಡೋರನ್ನು ಚೈನಿನ ಮೇಲೆ ಅಡ್ಡ ಮಲಗಿಸಿದರೆ ಕಟ್ಟೆ ಸಿದ್ಧ, ಸೊಂಟದ ಎತ್ತರಕ್ಕೇ ಬರುತ್ತದೆ. ಗಾಳಿ ಬರುವ ಕಡೆ ಒಂದು ಖಾಲಿ ಕ್ರೇಟಿಗೆ ಚೀಲ ಸುತ್ತಿ ನಿಲ್ಲಿಸುತ್ತೇವೆ. ಮುದ್ದೆ ತಿರುವುವುದನ್ನು ಮಾತ್ರ ಆ ಡೋರಿನ ಮೇಲೆ ಮಾಡಬೇಡಿ. ತಿರುವುವ ರಭಸಕ್ಕೆ ಇಡೀ ಗಾಡಿ ಅಲ್ಲಾಡುತ್ತದೆ. ಪಾತ್ರೆ ಕೆಳಗಿಟ್ಟು ಕಾಲಲ್ಲಿ ಅದುಮಿ ಹಿಡಿದು, ಕೋಲು ಹಿಡಿಯಬೇಕು. ಆ ಕೋಲು ಮನೆಯದೇ ಬೇಕು ಅಂತ ಹೆಂಡತಿಯ ಹಟ, ಬೇರೆಯದು ಅವಳ ಕೈಗೆ ಕೂರುವುದಿಲ್ಲ.

ಗಾಡಿ ಎಲ್ಲಿ ನಿಲ್ಲಿಸುವುದು ಅಂತ ಜನ ಕೇಳುತ್ತಾರೆ. ಕಾಡಿನೊಳಗೆ ಅಂತೂ ಅಲ್ಲ, ಅದಕ್ಕೆ ಅನುಮತಿ ಇಲ್ಲ. ಹೋಂಸ್ಟೇಗಳ ಅಂಗಳ, ತೋಟದವರ ಕಣ, ಪೆಟ್ರೋಲ್ ಬಂಕು. ಕೇಳದೆ ಎಲ್ಲೂ ನಿಲ್ಲಿಸಿಲ್ಲ, ಕೇಳಿದ ಮೇಲೆ ಇಲ್ಲ ಅಂದವರು ಬಹಳ ಕಡಿಮೆ. ಹಳ್ಳಿ ಗಾಡಿ ನೋಡಿ ಜನ ಹೆದರುವುದಿಲ್ಲ, ಹೊರೆ ತಂದವರು ಅಂದುಕೊಳ್ಳುತ್ತಾರೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಇಲ್ಲ. ಅದು ಗೊತ್ತಿದ್ದೂ ನಾವು ತಡ ಮಾಡಿ, ಗುಂಡ್ಲುಪೇಟೆಯ ಒಂದು ಬಂಕಿನಲ್ಲಿ ತರಕಾರಿ ಲಾರಿಗಳ ಪಕ್ಕ ಮಲಗಿದೆವು. ಪಕ್ಕದ ಲಾರಿಯ ಡ್ರೈವರ್ ಟಾರ್ಚ್ ಹಾಕಿ ನಮ್ಮ ಅಟ್ಟಣಿಗೆಯನ್ನೆಲ್ಲ ಬಗ್ಗಿ ನೋಡಿ, ರೈಲು ಡಬ್ಬಿಗಳನ್ನು ಎರಡೆರಡು ಸಲ ಎಳೆಸಿದ. ಗಾಡಿ ಓಡುವಾಗ ಹಿಂದೆ ಯಾರೂ ಮಲಗಬಾರದು, ಕೂರಲೂ ಬಾರದು. ಸರಕಿನ ಬಾಡಿಯಲ್ಲಿ ಜನರನ್ನು ಕೂರಿಸಿದರೆ ಕೇಸು. ಮಗಳು ಬಂದಾಗ ಮುಂದೆ ಮೂವರಿಗೆ ಜಾಗವಿಲ್ಲ, ಅವಳು ಬಸ್ಸಿನಲ್ಲಿ ಬಂದು ಸೇರಿಕೊಳ್ಳುತ್ತಾಳೆ. ಟಾರ್ಪಾಲಿಗೆ ಬೀಗ ಇಲ್ಲ, ಹಾಗಾಗಿ ದುಡ್ಡು, ಕಾಗದಪತ್ರ ಕ್ಯಾಬಿನ್‌ನಲ್ಲಿ ಸೀಟಿನ ಹಿಂದೆ.

ಖರ್ಚು ಹೇಳಿಬಿಡುತ್ತೇನೆ. ಪ್ಲೈವುಡ್ 5,000, ಪೈಪು ಮತ್ತು ವೆಲ್ಡಿಂಗ್ ಕೂಲಿ 5,500, ಹಾಸಿಗೆ 4,000, ಟಾರ್ಪಾಲು 1,800, ಪರದೆ 700. ಒಟ್ಟು 17,000. ಕೊಟ್ಟಿಗೆ ಸೇರಿದ 18 ಎಂಎಂ ಹಲಗೆಯ ಲೆಕ್ಕ ಇದರಲ್ಲಿ ಇಲ್ಲ, ಹೆಂಡತಿ ಕೇಳಿದರೆ ನೀವೂ ಹೇಳಬೇಡಿ.

ಭಾನುವಾರ ರಾತ್ರಿ ವಾಪಸ್ ಬಂದರೆ ಬಿಚ್ಚುವುದಕ್ಕೆ ಇಬ್ಬರಿಗೆ ಇಪ್ಪತ್ತು ನಿಮಿಷ. ಕಮಾನು ಗೋಡೆಗೆ, ಮೂರು ತುಂಡು ಅಟ್ಟಣಿಗೆ ಕೊಟ್ಟಿಗೆಯಲ್ಲಿ ಒಂದರ ಮೇಲೊಂದು, ಕ್ರೇಟುಗಳು ಚೀಲದ ಸಮೇತ ಜಗಲಿಗೆ. ಹೋದ ವರ್ಷ ಒಂದು ಸಲ ಹೀಗೆ ಬಂದ ರಾತ್ರಿಯೇ ಹಣ್ಣು ಜಾಸ್ತಿ ಬಿಡಿಸಿದ್ದರು, ಕ್ರೇಟು ಸಾಲಲಿಲ್ಲ. ಆಳುಗಳು ಜಗಲಿಯಲ್ಲಿದ್ದ ನೀಲಿ ಕ್ರೇಟುಗಳನ್ನೂ ಬರಿದು ಮಾಡಿ, ತುಂಬಿ ಗಾಡಿಗೆ ಏರಿಸಿದ್ದಾರೆ. ನಿದ್ದೆಗಣ್ಣಲ್ಲಿ ನಾನೂ ನೋಡಲಿಲ್ಲ. ಮಂಡಿಯಲ್ಲಿ ಇಳಿಸಿ ಮನೆಗೆ ಬಂದೆ. ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿ ಏನನ್ನೋ ಹುಡುಕುತ್ತಿದ್ದಳು, ಅಷ್ಟರಲ್ಲಿ ಮಂಡಿಯಿಂದ ಫೋನು.

"ಅಣ್ಣಾ, ನಿಮ್ಮ ಟೊಮೆಟೊ ಕೆಳಗೆ ಒಂದು ಮುದ್ದೆ ಕೋಲು ಬಂದೈತೆ. ಅದನ್ನೂ ಹರಾಜಿಗೆ ಹಾಕೋದಾ?"